ಪಿಸ್ಟನ್ ಮೀಮಾಂಸೆ: ಮನೆಯಲ್ಲೇ ಕಟ್ಟಿದ ಆರ್ಗನ್ ಕನ್ಸೋಲಿಗೊಂದು ಗುಂಡಿಶಾಸ್ತ್ರ

ಪೀಠಿಕೆ. ಕೊಳವೆ ಒಂದೂ ಇಲ್ಲದೆ ಕಂಪ್ಯೂಟರಿನೊಳಗೇ ಮೊಳಗುವ ಆರ್ಗನ್ನಿಗೆ ಗುಂಡಿಗಳೆಷ್ಟು, ಎಲ್ಲೆಲ್ಲಿ? ಪೂರ್ವಸೂರಿಗಳು ಈ ಗಹನ ಪ್ರಶ್ನೆಯನ್ನು ಕೈಬಿಟ್ಟದ್ದಕ್ಕೆ ಒಂದೇ ಕಾರಣ: ಅವರಿಗೆ ಕೊಳವೆಗಳಿದ್ದವು.

ಸೂತ್ರ 1: ಹೆಬ್ಬೆರಳೇ ಪ್ರಮಾಣ.
ಭಾಷ್ಯ: ‘ಫಾದರ್’ ವಿಲ್ಲಿಸ್ ಎಂದೇ ಹೆಸರಾದ ಆಚಾರ್ಯ ಹೆನ್ರಿ ವಿಲ್ಲಿಸರು 1851ರ ಲಂಡನ್ ಮಹಾಪ್ರದರ್ಶನದ ಆರ್ಗನ್ನಿನಲ್ಲಿ ಕೀಲಿಮಣೆಯ ಕೆಳಗೇ ಪಿಸ್ಟನ್ ಎಂಬ ಒತ್ತುಗುಂಡಿ ಇಟ್ಟು ತೋರಿಸಿದರು. ಮಿಕ್ಕ ಬೆರಳು ಸ್ವರ ಹಿಡಿದಿರುವಾಗಲೇ ಹೆಬ್ಬೆರಳು ಸ್ಟಾಪುಗಳ (ನಾದದ ಬಣ್ಣ ಆರಿಸುವ ಕೀಲುಗಳ) ಗುಂಪನ್ನೇ ಬದಲಿಸಿತು. ನಮ್ಮ ಗುಂಡಿಗಳ ಮಾತನ್ನು ಕಂಪ್ಯೂಟರಿಗೆ ಮುಟ್ಟಿಸುವ ಮಿಡಿ (MIDI) ಭಾಷೆಯಲ್ಲಿ ಚಾನೆಲ್ 16, ಚಾನೆಲ್ಲಿಗೆ 128 ನೋಟು. ಒಟ್ಟು 2048 ಗುಂಡಿಗೆ ಅವಕಾಶ. ಹೆಬ್ಬೆರಳು ಎರಡೇ. ನಿಲುಕದ ಗುಂಡಿ ಪಿಸ್ಟನ್ನಲ್ಲ, ಅಲಂಕಾರ.

ಸೂತ್ರ 2: ಮತಗಳು ಮೂರು.
ಭಾಷ್ಯ: ಜನರಲ್ ಪಿಸ್ಟನ್ ಅದ್ವೈತಿ, ಗ್ರೇಟ್, ಸ್ವೆಲ್, ಪೆಡಲ್ ಎಂಬ ವಿಭಾಗಭೇದವೆಲ್ಲ ಅದಕ್ಕೆ ಮಿಥ್ಯೆ, ಒಂದೇ ಒತ್ತಿಗೆ ಇಡೀ ವಾದ್ಯ ಬದಲು. ಡಿವಿಜನಲ್ ಪಿಸ್ಟನ್ ದ್ವೈತಿ. ತನ್ನ ಮಣೆಯ ಕೆಳಗೇ ವಾಸ, ಪಕ್ಕದ ಮಣೆಯ ತಂಟೆಗಿಲ್ಲ. ಸೀಕ್ವೆನ್ಸರ್ ಕರ್ಮಸಿದ್ಧಾಂತಿ, ಮುಂದಿನದೆಲ್ಲ ಮೊದಲೇ ಬರೆದಿಟ್ಟಿದೆ, ‘ಮುಂದೆ’ ಒತ್ತುವುದಷ್ಟೇ ನಮ್ಮ ಪಾಲು. ಗಡಿಬಿಡಿಯಲ್ಲಿ ಎರಡು ಸಲ ಒತ್ತಿದರೆ ಒಂದು ಜನ್ಮ ಹಾರಿಹೋಗುತ್ತದೆ. ಯಾವ ಕೈಕಾಲು ಬಿಡುವಾಗಿದ್ದರೂ ನಿಲುಕುವಂತೆ ‘ಮುಂದೆ’ ಗುಂಡಿಯನ್ನು ಎಡಗೈಗೆ, ಬಲಗೈಗೆ, ಕಾಲಿಗೆ ಒಂದೊಂದರಂತೆ ಇಡತಕ್ಕದ್ದು. ಪ್ರಾಯಶ್ಚಿತ್ತಕ್ಕೆ ‘ಹಿಂದೆ’ ಗುಂಡಿ ಹತ್ತಿರವಿರಲಿ, ಮೈ ತಾಗುವಷ್ಟಲ್ಲ.

ಸೂತ್ರ 3: ಸೆಟ್ ಎಡತುದಿಗೆ, ಕ್ಯಾನ್ಸಲ್ ಬಲತುದಿಗೆ.
ಭಾಷ್ಯ: ಸೆಟ್ ಒತ್ತಿಹಿಡಿದು ಬೇರೊಂದು ಪಿಸ್ಟನ್ ಒತ್ತಿದರೆ ಅದರ ಹಳೆಯ ನೆನಪು ಅಳಿದು ಹೊಸದು ಕೂರುತ್ತದೆ. ಕ್ಯಾನ್ಸಲ್ ಎಲ್ಲ ಸ್ಟಾಪನ್ನೂ ಒಳಗೆ ಕಳಿಸುತ್ತದೆ. ಸೃಷ್ಟಿಕರ್ತ, ಲಯಕರ್ತರನ್ನು ಅಕ್ಕಪಕ್ಕ ಕೂರಿಸಿದರೆ ಏನಾದೀತೆಂದು ವಿವರಿಸಬೇಕಿಲ್ಲ.

ಪೂರ್ವಪಕ್ಷ: ಟಚ್‌ಸ್ಕ್ರೀನ್ ಇರಲು ಗುಂಡಿಯೇಕೆ?
ಸಿದ್ಧಾಂತ: ಗಾಜಿಗೆ ಉಬ್ಬುತಗ್ಗಿಲ್ಲ; ಕಣ್ಣು ಸ್ವರಲಿಪಿ ಬಿಟ್ಟು ಅತ್ತ ಹೋಗಬೇಕು.

ಮತ್ತೊಂದು ಪೂರ್ವಪಕ್ಷ: ವಿಡಿಯೊ ಗೇಮಿನ ಗುಂಡಿ ಅಗ್ಗವಲ್ಲವೇ?
ಸಿದ್ಧಾಂತ: ಅಗ್ಗವೇ. ಆದರೆ ಅದರ ಅಳತೆ 24 ಅಥವಾ 30 ಮಿಲಿಮೀಟರ್. ಬಿಳಿ ಕೀಲಿಯ ಅಗಲ ಸುಮಾರು 23.5. ಕೀಲಿಗಳ ಕೆಳಗಿನ ಕಿರಿದಾದ ಮರದ ಪಟ್ಟಿಯಲ್ಲಿ ಇಂಥವನ್ನು ಒತ್ತೊತ್ತಾಗಿ ಜೋಡಿಸಿದರೆ, ಹೆಬ್ಬೆರಳು ಮೂರನೆಯದನ್ನು ಬಯಸಿ ನಾಲ್ಕನೆಯದನ್ನು ಪಡೆಯುತ್ತದೆ. ಮೆಲುದನಿಯ ಕೊಳಲಿರಬೇಕಾದಲ್ಲಿ ಟ್ರಂಪೆಟ್ ಬೊಬ್ಬಿರಿಯುತ್ತದೆ.

ಫಲಶ್ರುತಿ. ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿ, ಪಟ್ಟಿಯ ಮೇಲೆ ಕಾಗದದ ಬಿಲ್ಲೆ ಅಂಟಿಸಿ, ಒಂದು ಕೃತಿಯನ್ನು ಪೂರ್ತಿ ನುಡಿಸಿ ನೋಡಿ ಆಮೇಲೆ ಡ್ರಿಲ್ ಹಿಡಿದವರಿಗೆ ಸಕಲ ಗುಂಡಿಗಳೂ ಒಲಿಯುತ್ತವೆ. ತೂತು ಕೊರೆದ ಮೇಲೆ ಓದಿದವರಿಗೆ ಮರದ ಪುಟ್ಟಿಯೇ ಗತಿ.