ಹಳೆಯ ಕಂಪ್ಯೂಟರಿಗೆ ವೈಫೈ ಸಂಬಂಧ ಕುದುರಿಸಿದ್ದು: ಒಂದು ಶಾಸನಶಾಸ್ತ್ರೀಯ ವಿವೇಚನೆ

ಈ ಸಂಪ್ರಬಂಧಕ್ಕೆ ಆಕರ ಒಂದೇ. ಮೈಸೂರಿನ ಸರಸ್ವತೀಪುರಂನ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುವ ಕಂಪ್ಯೂಟರು. 2003ರ ಆಗಸ್ಟಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಗೊಂದು ಅಂಗ ಕೊಂಡು ಜೋಡಿಸಿದ್ದು. ಬಿಲ್ಲು ಈಗಲೂ ಇದೆ. ಮುಂದೆ ಅದು ಸಾಕ್ಷ್ಯಕ್ಕೆ ಬೇಕಾಗುತ್ತದೆ. ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಒಡೆಯ ನಿವೃತ್ತ ಕನ್ನಡ ಅಧ್ಯಾಪಕ, ಶಾಸನಗಳ ಮೇಲೆ ಯಾರೂ ಕೇಳದಿದ್ದರೂ ಬರೆಯುವವನು, ಅಂದರೆ ಪ್ರಸ್ತುತ ಲೇಖಕ. ಅಧ್ಯಯನದ ಕಾಲ 2016, ದುರ್ಮುಖಿ ಸಂವತ್ಸರದ ಶ್ರಾವಣ. ಸಂವತ್ಸರದ ಹೆಸರನ್ನು ನಾನು ಆರಿಸಿದ್ದಲ್ಲ.

ಮೊದಲು ಪೂರ್ವಪಕ್ಷ. ‘ಹದಿಮೂರು ವರ್ಷದ ಮುದಿ ಯಂತ್ರಕ್ಕೆ ವೈಫೈ ಯಾಕೆ? ಹೊಸದೊಂದು ಲ್ಯಾಪ್‌ಟಾಪ್ ತಗೊಳ್ಳಬಾರದೇ?’ ಇದು ಮಗನ ಮತ. ಫೋನಿನಲ್ಲಿ ಪ್ರತಿ ಭಾನುವಾರ ಮಂಡಿಸುತ್ತಾನೆ. ಸಮಾಧಾನ: ನನ್ನ ಬರಹವೆಲ್ಲ ಇರುವುದು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಯುನಿಕೋಡ್ ಪೂರ್ವದ ಆ ಲಿಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರಗಳು ತಲೆಗೆ ಟೋಪಿ, ಬುಡಕ್ಕೆ ಬಾಲ ಸಿಕ್ಕಿಸಿಕೊಂಡು ಸಾಲಾಗಿ ನಿಲ್ಲುತ್ತವೆ. ಲಿಪಿ ತಿಳಿದ ಕೊನೆಯ ಜೀವವನ್ನು ಕಸಕ್ಕೆ ಹಾಕಲು ಸಂಶೋಧಕನಿಗೆ ಮನಸ್ಸು ಬರುವುದಿಲ್ಲ. ಪೂರ್ವಪಕ್ಷ ನಿರಸ್ತ. ಮಗ ಒಪ್ಪಿಲ್ಲ, ಅದು ಬೇರೆ.

ಎರಡೂ ಕಡೆಯ ಜಾತಕ ನೋಡಿದಾಗಲೇ ತೊಡಕು ಕಂಡಿತು. ಕಂಪ್ಯೂಟರಿನ ಪ್ರಾಸೆಸರ್ 2.4 ಗಿಗಾಹರ್ಟ್ಸ್. ಹಾಲ್‌ನಲ್ಲಿ ಟೀವಿಯ ಪಕ್ಕ ಕೂತ ರೌಟರು ಹೊಮ್ಮಿಸುವ ಅಲೆಯೂ 2.4 ಗಿಗಾಹರ್ಟ್ಸ್. ಸಗೋತ್ರ! ಸಂಬಂಧ ಕೂಡದಿರುವುದಕ್ಕೆ ಇದೇ ಕಾರಣವೆಂದು ಮೊದಮೊದಲು ದೃಢವಾಗಿ ನಂಬಿದ್ದೆ. ಎದುರು ಮನೆಯ ಪಿಯುಸಿ ಹುಡುಗ ‘ಅಂಕಲ್, ಒಂದು ಲೆಕ್ಕ ಮಾಡೋ ವೇಗ, ಇನ್ನೊಂದು ರೇಡಿಯೋ ತರಂಗ, ಎರಡಕ್ಕೂ ನಂಟೇ ಇಲ್ಲ’ ಎಂದ. ಹಾಗಿದ್ದರೆ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಸುಮಾರು ಅದೇ ಆವರ್ತನದಲ್ಲಿ ಕೆಲಸ ಮಾಡುವುದೇಕೆ, ಅದು ಉರಿಯುವಾಗ ವೈಫೈ ತಡವರಿಸುವುದೇಕೆ ಎಂದು ಕೇಳಿದೆ. ಅದು ಮಾತ್ರ ನಿಜ ಎಂದು ಒಪ್ಪಿದ. ಒಂದು ದಾಯಾದಿಯನ್ನಾದರೂ ಗುರುತಿಸಿದ ತೃಪ್ತಿ ನನಗೆ ಸಿಕ್ಕಿತು.

ಕಾನೂನಿನ ಆಯಾಮವನ್ನೂ ಕಡೆಗಣಿಸುವಂತಿಲ್ಲ. ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನ ಹಂಗಿನಿಂದ ಬಿಟ್ಟದ್ದು 2005ರಲ್ಲಿ. ನನ್ನ ಕಂಪ್ಯೂಟರು ಹುಟ್ಟಿದ್ದು ಅದಕ್ಕೆ ಎರಡು ವರ್ಷ ಮೊದಲು. ಒಳ್ಳೆಯ ಸಂಸ್ಕಾರದಲ್ಲಿ ಬೆಳೆದ ಯಂತ್ರ. ಲೈಸೆನ್ಸ್ ಇಲ್ಲದ ಅಲೆಯನ್ನು ಮುಟ್ಟಲು ಹಿಂಜರಿದಿದ್ದರೆ ಅದರ ತಪ್ಪೇನು?

ವಾಸ್ತವದಲ್ಲಿ ಅದಕ್ಕೆ ಮುಟ್ಟಲು ಕೈಯೇ ಇರಲಿಲ್ಲ. ಬೆರಳುಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್ ಒಂದನ್ನು ತಂದೆ. ಅದರ ಡ್ರೈವರು ಅಂಗೈಯಲ್ಲಿ ಅಡಗುವ ಪುಟ್ಟ ಸಿಡಿಯಲ್ಲಿತ್ತು. ಸಿಡಿ ಡ್ರೈವಿನ ಬಾಯಿ 2011ರಿಂದ ಮುಚ್ಚಿದೆ. ಸೂಜಿರಂಧ್ರಕ್ಕೆ ಸೇಫ್ಟಿಪಿನ್ ಚುಚ್ಚಿ ಬಾಯಿ ಬಿಡಿಸಿದರೆ ಸಿಡಿಯನ್ನು ನುಂಗಿತು, ಓದಲಿಲ್ಲ. ಡಬ್ಬಿಯ ಮೇಲೆ ‘ಡ್ರೈವರನ್ನು ನಮ್ಮ ಜಾಲತಾಣದಿಂದಲೂ ಇಳಿಸಿಕೊಳ್ಳಬಹುದು’ ಎಂಬ ಅಭಯವಾಕ್ಯವಿತ್ತು. ಜಾಲತಾಣಕ್ಕೆ ಹೋಗಲು ಡ್ರೈವರ್ ಬೇಕು, ಡ್ರೈವರ್ ಸಿಗಲು ಜಾಲತಾಣಕ್ಕೆ ಹೋಗಬೇಕು. ನಮ್ಮ ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎಂದು ಕರೆದು, ಇಂಥ ವಾದ ಮಾಡುವವನನ್ನು ಸಭೆಯಿಂದ ಎಬ್ಬಿಸುತ್ತಿದ್ದರು. ಈಗಿನವರು ಅದನ್ನೇ ಡಬ್ಬಿಯ ಮೇಲೆ ಅಚ್ಚು ಹಾಕಿಸಿ ನನಗೆ 600 ರೂಪಾಯಿಗೆ ಮಾರಿದರು. ಪಿಯುಸಿ ಹುಡುಗ ತನ್ನ ಮನೆಯಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ. ಡಾಂಗಲನ್ನು ಮುಂದಿನ ತೂತಿಗಲ್ಲ, ಹಿಂದಿನ ತೂತಿಗೆ ಹಾಕಿ ಎಂದೂ ಹೇಳಿದ. ಮುಂದಿನದಕ್ಕೆ ತಂತಿ ಸುತ್ತಿ ಬಳಸಿ ಬರುತ್ತದೆ, ಹಳೆಯ ಡಬ್ಬಗಳಲ್ಲಿ ಅಲ್ಲಿಗೆ ವಿದ್ಯುತ್ತು ಸಾಲದಂತೆ. ಅತಿಥಿಯನ್ನು ಹಿತ್ತಲ ಬಾಗಿಲಿನಿಂದ ಬರಮಾಡಿಕೊಂಡೆ. ಹಸಿರು ದೀಪ ಮಿನುಗಿತು.

ಮುಂದಿನದು ಭಾಷೆಯ ತೊಡಕು. ವೈಫೈಯಲ್ಲಿ ಗುಟ್ಟು ಕಾಯುವ ಮೊದಲ ವಿಧಾನ ವೆಪ್. 2001ರಲ್ಲೇ ಅದರ ಬೀಗ ಒಡೆಯುವ ಬಗೆಯನ್ನು ಗಣಿತಜ್ಞರು ತೋರಿಸಿದ್ದರು. ರೌಟರು ಆಡುವುದು 2004ರ ಡಬ್ಲ್ಯುಪಿಎ2. ನನ್ನ ಎಕ್ಸ್‌ಪಿ ಅವೆರಡರ ನಡುವೆ ನಿಂತಿತ್ತು. ಹಳಗನ್ನಡ ಬಲ್ಲದು, ನಡುಗನ್ನಡ ತಕ್ಕಮಟ್ಟಿಗೆ ಅರ್ಥವಾಗುತ್ತದೆ, ಹೊಸಗನ್ನಡ ಕೇಳಿದರೆ ಸುಮ್ಮನೆ ತಲೆಯಾಡಿಸುತ್ತದೆ. 2008ರ ಮೂರನೆಯ ಸರ್ವೀಸ್ ಪ್ಯಾಕ್ ಎಂಬ ವ್ಯಾಕರಣ ಓದಿಸಿದರೆ ಸರಿಹೋಗುತ್ತದೆ. ಮುನ್ನೂರು ಎಂಬಿ ಮೀರಿದ ಗ್ರಂಥ. ಮತ್ತೆ ಹುಡುಗ, ಮತ್ತೆ ಪೆನ್‌ಡ್ರೈವ್. ಓದಿ ಮುಗಿಸಲು ಕಂಪ್ಯೂಟರಿಗೆ ಒಂದು ಮಧ್ಯಾಹ್ನ ಹಿಡಿಯಿತು. ನಾನು ಮಲಗಿ ಎದ್ದೆ.

ಈಗ ಪ್ರಬಂಧದ ಹೃದಯಭಾಗ: ರೌಟರಿನ ತಳದ ಶಾಸನ. ವೈಫೈ ಪಾಸ್‌ವರ್ಡ್ ಕೆತ್ತಿರುವುದು ಅಲ್ಲೇ. ಆಕಾರ ಆಯತ, ಮಾಧ್ಯಮ ಬಿಳಿ ಕಾಗದ, ಅಕ್ಷರದ ಎತ್ತರ ಎಳ್ಳಿನ ಕಾಳಿನಷ್ಟು. ಶಾಸನದ ಸ್ಥಿತಿ ಬಹುಮಟ್ಟಿಗೆ ಉತ್ತಮ, ಎಡಮೂಲೆಗೆ ಜಿರಳೆಯಿಂದ ಹಾನಿ. ಹತ್ತು ಅಕ್ಷರಗಳಲ್ಲಿ ಏಳು ನಿಸ್ಸಂದಿಗ್ಧ. ಮೂರನೆಯದು ಸೊನ್ನೆಯೋ ‘ಓ’ಕಾರವೋ, ಆರನೆಯದು ಒಂದೋ ಸಣ್ಣ ‘ಎಲ್’ಲೋ, ಒಂಬತ್ತನೆಯದು ಐದೋ ‘ಎಸ್’ಸೋ? ಮೂರು ಕಡೆ ಎರಡೆರಡು ಸಾಧ್ಯತೆ ಇದ್ದರೆ ಎಂಟು ಪಾಠಾಂತರ. ಗ್ರಂಥಸಂಪಾದನೆಯಲ್ಲಿ ಒಂದು ನಿಯಮವಿದೆ: ಲಿಪಿಕಾರ ಕಷ್ಟದ ಪಾಠವನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭದ್ದನ್ನು ಕಷ್ಟ ಮಾಡುವುದಿಲ್ಲ, ಆದ್ದರಿಂದ ಕ್ಲಿಷ್ಟ ಪಾಠವೇ ಮೂಲಪಾಠ. ಅದನ್ನು ಅನುಸರಿಸಿ ಅತಿ ಕ್ಲಿಷ್ಟವಾದದ್ದನ್ನು ಮೊದಲು ಹೊಡೆದೆ. ತಪ್ಪು. ಹಾಗೆಯೇ ಕ್ಲಿಷ್ಟತೆಯ ಇಳಿಕೆಯ ಕ್ರಮದಲ್ಲಿ ಸಾಗಿ, ಎಂಟನೆಯದಾಗಿ, ಎಲ್ಲಕ್ಕಿಂತ ಸುಲಭದ ಪಾಠದಲ್ಲಿ ಬಾಗಿಲು ತೆರೆಯಿತು. ನಿಯಮ ತಪ್ಪಲ್ಲ. ಕಾರ್ಖಾನೆಯ ಲಿಪಿಕಾರನಿಗೆ ಪರಂಪರೆಯ ಪರಿಚಯವಿರಲಿಲ್ಲ.

ತೆರೆದ ಬಾಗಿಲಿನಲ್ಲಿ ಗಾಳಿ ಬರಲಿಲ್ಲ. ಸಿಗ್ನಲ್ ಐದರಲ್ಲಿ ಒಂದೇ ಗೀಟು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಅರ್ಧ ಗೇಣಿಗಿಂತ ತುಸು ಹೆಚ್ಚು. ಇಷ್ಟು ಗಿಡ್ಡನೆಯ ಅಲೆ ಒಂಬತ್ತು ಅಂಗುಲದ ಎರಡು ಗೋಡೆ ದಾಟಿ ಬಂದು, ಕೊನೆಗೆ ನಮ್ಮ ಮದುವೆಯ ಕಾಲದ ಉಕ್ಕಿನ ಬೀರುವಿಗೆ ಹಣೆ ಬಡಿದುಕೊಂಡು ವಾಪಸಾಗುತ್ತಿತ್ತು. ಲೋಹ ಅಲೆಯನ್ನು ಹಿಂದಕ್ಕಟ್ಟುತ್ತದೆ ಎಂಬುದು ನಿಜವಾದರೆ ಬೇಕಾದ ಕಡೆಗೂ ಅಟ್ಟಬಹುದಲ್ಲ? ಡಾಂಗಲಿಗೆ ಉದ್ದದ ತಂತಿ ಸಿಕ್ಕಿಸಿ ಬೀರುವಿನ ಈಚೆಗೆ ತಂದು, ಅದರ ಬೆನ್ನಿಗೆ ಕಬ್ಬಿಣದ ಬಾಣಲೆಯನ್ನು ಬಾಗಿಲ ಕಡೆ ಮುಖಮಾಡಿ ನಿಲ್ಲಿಸಿದೆ. ಗೀಟು ಮೂರಾಯಿತು! ಭೌತಶಾಸ್ತ್ರದಲ್ಲಿ ನನ್ನ ಏಕೈಕ ಕೊಡುಗೆ ಇದು. ಅದರ ಆಯುಷ್ಯ ನಲವತ್ತು ನಿಮಿಷ. ‘ರೀ, ಸಂಡಿಗೆ ಕರಿಯೋಕೆ ಎಣ್ಣೆ ಯಾವುದರಲ್ಲಿ ಇಡ್ಲಿ? ನಿಮ್ಮ ತಲೆ ಮೇಲಾ?’ ಎಂಬ ಪ್ರತಿಕ್ರಿಯೆ ಅಡುಗೆಮನೆಯಿಂದ ಬಂತು. ಬೀರುವನ್ನೇ ಎರಡು ಮೊಳ ಸರಿಸಲಾಯಿತು. ಅದರ ಹಿಂದೆ 1998ರಲ್ಲಿ ಕಳೆದಿದ್ದ ನನ್ನ ಕನ್ನಡಕ ಸಿಕ್ಕಿದ್ದನ್ನು ಉತ್ಖನನದ ಉಪಫಲವೆಂದು ದಾಖಲಿಸುತ್ತೇನೆ.

ಗೀಟು ಮೂರು, ಗುಟ್ಟು ಸರಿ, ‘ಸಂಪರ್ಕವಾಗಿದೆ’ ಎಂದು ಬಲಮೂಲೆಯಲ್ಲಿ ಗುಳ್ಳೆ ಎದ್ದಿದೆ. ಹುಡುಗ ಫೈರ್‌ಫಾಕ್ಸ್ ಬ್ರೌಸರನ್ನೂ ಹಾಕಿಕೊಟ್ಟಿದ್ದ. ಮಿಂಚಂಚೆಯ ವಿಳಾಸ ಹೊಡೆದರೆ ಕಂಪ್ಯೂಟರು ಒಳಗೆ ಬಿಡದು. ಈ ತಾಣದ ಪ್ರಮಾಣಪತ್ರ ನಂಬಲರ್ಹವಲ್ಲ ಎನ್ನುತ್ತದೆ. ಬ್ಯಾಂಕಿನದೂ ಅಲ್ಲ. ಸರ್ಕಾರದ್ದೂ ಅಲ್ಲ. ನನಗೆ ತಟ್ಟನೆ ನೆನಪಾದವರು ಶಾಸನತಜ್ಞ ಜೆ.ಎಫ್. ಫ್ಲೀಟ್. ಬಿ.ಎಲ್. ರೈಸ್ 1886ರಿಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದು, ಗಂಗರ ತಾಮ್ರಪಟಗಳನ್ನು ನಂಬಿ ರಾಜರ ವಂಶಾವಳಿ ಕಟ್ಟಿದರೆ, ಫ್ಲೀಟ್ ಅವುಗಳಲ್ಲಿ ಒಂದೊಂದನ್ನೇ ಎತ್ತಿ ‘ಇದು ಕೂಟಶಾಸನ, ಅಂದರೆ ಖೊಟ್ಟಿ; ಇದೂ ಕೂಟಶಾಸನ’ ಎಂದು ಪಕ್ಕಕ್ಕಿಟ್ಟವರು. ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ, ಲಿಪಿಯ ಕಾಲಕ್ಕೂ ಬರೆದ ವರ್ಷಕ್ಕೂ ಹೊಂದದಿದ್ದರೆ ಸಂಶಯಪಡಬೇಕು, ನಿಜ. ಆದರೆ ಲೋಕದ ಪ್ರತಿಯೊಂದು ಪತ್ರವೂ ಕೂಟವೇ? ನನ್ನ ಮನೆಯೊಳಗೇ ರೌಟರು ರೈಸ್, ಕಂಪ್ಯೂಟರು ಫ್ಲೀಟ್. ಮೂರು ದಿನ ನಾನು ಕಂಪ್ಯೂಟರಿನ ಪರವಾಗಿ ಟಿಪ್ಪಣಿ ಮಾಡಿಕೊಂಡೆ. ಅಂತರಜಾಲ ಪೂರ್ತಿಯಾಗಿ ಕೃತಕ ಎಂಬ ನನ್ನ ಬಹುಕಾಲದ ಅನುಮಾನಕ್ಕೆ ಯಂತ್ರವೊಂದು ಬೆಂಬಲ ಕೊಟ್ಟದ್ದು ಅದೇ ಮೊದಲು.

ಆಗಸ್ಟ್ 10ರ ಬೆಳಗ್ಗೆ ಮನೆಯಾಕೆ ಹಾಲಿನ ಲೆಕ್ಕ ಬರೆಯಲು ಪೆನ್ನು ಹುಡುಕುತ್ತ ಕೋಣೆಗೆ ಬಂದಳು. ಪರದೆಯ ಮೂಲೆಯತ್ತ ಬಗ್ಗಿದಳು.

‘ರೀ, ಇದ್ಯಾಕ್ರೀ ಜನವರಿ ಒಂದು ಅಂತಿದೆ? ನಾಡಿದ್ದು ವರಮಹಾಲಕ್ಷ್ಮಿ!’

ಗಡಿಯಾರದ ಮೇಲೆ ಇಲಿ ಇಟ್ಟೆ. 2003ರ ಜನವರಿ 1, ಬುಧವಾರ. ಚಿತ್ರಭಾನು ಸಂವತ್ಸರ, ಮಾರ್ಗಶಿರ ಬಹುಳ. ತನ್ನ ಪ್ರಕಾರ 2003ರಲ್ಲಿ ಬದುಕಿರುವ ಯಂತ್ರದ ಕೈಗೆ, 2016ರಲ್ಲಿ ಹುಟ್ಟಿದ ಪ್ರಮಾಣಪತ್ರ ಕೊಟ್ಟರೆ ಅದು ಇನ್ನೇನು ಹೇಳೀತು? ಇನ್ನೂ ಹುಟ್ಟದವರು ಹೊರಡಿಸಿದ ದಾನಪತ್ರ. ಫ್ಲೀಟ್ ಆಗಿದ್ದರೂ ಅದನ್ನೇ ಹೇಳುತ್ತಿದ್ದರು.

ಕಾರಣ, ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ. ಪ್ಲಗ್ಗಿನಲ್ಲಿ ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದು. ಸತ್ತು ವರ್ಷಗಳಾಗಿದ್ದವು. ಸ್ವಿಚ್ ಹಾಕಿಯೇ ಬಿಡುವ ಮನೆಗಳಲ್ಲಿ ಬ್ಯಾಟರಿ ಸತ್ತರೂ ಕಾಲ ನಿಲ್ಲುವುದಿಲ್ಲ, ಗೋಡೆಯ ಕರೆಂಟೇ ಅದನ್ನು ದೂಡುತ್ತದೆ. ನಾನು ಮಾತ್ರ ಮೇಷ್ಟರ ಮಿತವ್ಯಯದಿಂದ ಪ್ರತಿ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿ ಮಲಗುವವನು. ಹೀಗಾಗಿ ನಮ್ಮ ಹಿಂದಿನ ಕೋಣೆಯಲ್ಲಿ ಪ್ರತಿ ಬೆಳಗ್ಗೆ ಅದೇ ಬುಧವಾರ ಹುಟ್ಟುತ್ತಿತ್ತು. ಕಂಪ್ಯೂಟರು ಈ ವಿಷಯ ಮುಚ್ಚಿಟ್ಟಿರಲಿಲ್ಲ. ಶುರುವಾಗುವಾಗಲೆಲ್ಲ ಕಪ್ಪು ಪರದೆಯ ಮೇಲೆ ಬಿಳಿಯ ಎರಡು ಸಾಲು ಬರೆದು, ದಿನಾಂಕ ಕಳೆದುಹೋಗಿದೆ, ಮುಂದುವರಿಯಲು ಎಫ್1 ಒತ್ತಿ ಎಂದು ಕೇಳಿಕೊಳ್ಳುತ್ತಿತ್ತು. ನಾನು ಎಷ್ಟೋ ವರ್ಷ ಆಚಮನ ಮಾಡುವಷ್ಟೇ ನಿಷ್ಠೆಯಿಂದ ಎಫ್1 ಒತ್ತಿದ್ದೇನೆ. ಆ ಎರಡು ಸಾಲಿನ ಶಾಸನವನ್ನು ಒಮ್ಮೆಯೂ ಓದಿರಲಿಲ್ಲ.

ಬ್ಯಾಟರಿಯ ಹೆಸರು ಸಿಆರ್2032. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ನಮ್ಮ ಶಾಸನಗಳಲ್ಲಿ ಭೂಮಿಯ ಅಳತೆ ಹೇಳುವಾಗಲೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ದೇವರಾಜ ಅರಸು ರಸ್ತೆಯ ಗಡಿಯಾರದ ಅಂಗಡಿಯಲ್ಲಿ ಒಂದು ಮಸಾಲೆ ದೋಸೆಗಿಂತ ಕಡಿಮೆಗೆ ಸಿಕ್ಕಿತು. ಹಾಕಿದೆ. ತಾರೀಖು ಸರಿಮಾಡಿದೆ. ಮಿಂಚಂಚೆ ಸಲೀಸಾಗಿ ತೆರೆಯಿತು. ಮರುದಿನ ಎಫ್1 ಕೇಳಲಿಲ್ಲ. ಬೆರಳು ಮಾತ್ರ ತಾನಾಗಿಯೇ ಅತ್ತ ಹೋಗಿ ಬಂತು.

ಹಬ್ಬದ ಮಧ್ಯಾಹ್ನ, ನಾನು ಈವರೆಗೆ ಬರೆದಿಟ್ಟ ಲೇಖನಗಳನ್ನು ಒಂದು ಪತ್ರಿಕೆಗೆ ಕಳುಹಿಸೋಣವೆಂದು ಕಡತಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಕೂತೆ. ತಲಕಾಡಿನ ಗಂಗರ ಕಾಲನಿರ್ಣಯ, ಹಲ್ಮಿಡಿ ಶಾಸನದ ಕಾಲಚರ್ಚೆ, ವೀರಗಲ್ಲುಗಳ ಕಾಲಗಣನೆಯ ಸಮಸ್ಯೆಗಳು, ಹೀಗೆ ಹತ್ತೊಂಬತ್ತು ಲೇಖನ. ಹತ್ತೊಂಬತ್ತೂ 2003ರ ಜನವರಿ 1ರಂದು, ಬುಧವಾರ, ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ರಚಿತವಾಗಿವೆ. ಕಂಪ್ಯೂಟರ್ ಕೊಂಡ ಬಿಲ್ಲು ಅದೇ ವರ್ಷದ ಆಗಸ್ಟಿನದು.

ಬಿಲ್ಲನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಸೇರಿಸಿ ಬೀಗ ಹಾಕಿದ್ದೇನೆ.