ಇನ್ನು ಜನ್ಮದಲ್ಲಿ ಒಡೆಯದ ಫೆರುಲ್ ಕೂರಿಸಿದವರಿಗೆ

ಮಾನ್ಯರೇ,

ತಾವು ರಿಪೇರಿ ಮಾಡಿ ಕಳಿಸಿದ ಪೂಲ್ ಕ್ಯೂ ಶಾಫ್ಟ್ ತಲುಪಿತು. ಬಿರುಕುಬಿಟ್ಟ ಹಳೆಯ ಫೆರುಲ್ ಇದ್ದಲ್ಲಿ ಈಗ ಗಟ್ಟಿಮುಟ್ಟಾದ ಹೊಸದೊಂದು ಕೂತಿದೆ. ಮೊದಲಿನದಕ್ಕಿಂತ ಉದ್ದ, ಮೈಯೂ ದಪ್ಪ. "ಇನ್ನು ಜನ್ಮದಲ್ಲಿ ಒಡೆಯೋದಿಲ್ಲ" ಎಂದು ಚೀಟಿ ಬೇರೆ ಇಟ್ಟಿದ್ದೀರಿ. ಖಂಡಿತ ನಂಬುತ್ತೇನೆ. ನಾಳೆ ಕ್ಯೂ ಸುಟ್ಟು ಬೂದಿಯಾದರೂ ಅದೊಂದು ಉಳಿದೀತು.

ಪತ್ರ ಬಹಿರಂಗವಾದ್ದರಿಂದ ಕ್ಯೂ ಮುಟ್ಟದವರೂ ಓದಿಯಾರು. ಅವರಿಗೆ ಎರಡು ಮಾತು. ಚೆಂಡು ಹೊಡೆಯುವ ಕೋಲೇ ಕ್ಯೂ, ಅದರ ಮುಂದಿನ ತುಂಡೇ ಶಾಫ್ಟ್. ಚರ್ಮದ ಟಿಪ್ಪಿಗೂ ಮೇಪಲ್ ಮರಕ್ಕೂ ನಡುವೆ ಇರುವ ಬಿಳಿಯ ಟೋಪಿಯೇ ಫೆರುಲ್. ಏಟಿಗೆ ಮರದ ತುದಿ ಸೀಳದಂತೆ ಕಾಯುವುದು ಅದರ ಕಸುಬು. ಹಿಂದೆ ಆನೆಯ ದಂತದಲ್ಲಿ ಮಾಡುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನಲ್ಲಿ.

ಬಿಳಿ ಚೆಂಡಿನ ನಡುವಿಗೆ ಹೊಡೆದರೆ ಅದು ನೆಟ್ಟಗೆ ಹೋಗುತ್ತದೆ. ಸ್ಪಿನ್ ಬೇಕೆಂದು ಬಲಮಗ್ಗುಲಿಗೆ ಹೊಡೆದಿರೋ, ತುಸು ಎಡಕ್ಕೆ ಜಾರಿ ಹೊರಡುತ್ತದೆ. ಇದೇ ಡಿಫ್ಲೆಕ್ಷನ್. ತಿರುಗತೊಡಗಿದ ಚೆಂಡು ಟಿಪ್ಪನ್ನು ಬಲಕ್ಕೆ ಎಳೆಯುತ್ತದೆ, ಅದಕ್ಕೆ ಪ್ರತಿಯಾಗಿ ತಾನು ಎಡಕ್ಕೆ ಸರಿಯುತ್ತದೆ. ಟಿಪ್ಪೂ ಚೆಂಡೂ ತಾಗಿಕೊಂಡಿರುವುದು ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ. ಅಷ್ಟರೊಳಗೆ ಈ ಪಕ್ಕದ ಎಳೆತದ ಸುದ್ದಿ ಶಾಫ್ಟಿನಲ್ಲಿ ಕೆಲವೇ ಅಂಗುಲ ಹಿಂದಕ್ಕೆ ಮುಟ್ಟಿರುತ್ತದೆ. ಹಿಡಿಯ ಕಡೆಗೆ ವಿಷಯ ತಿಳಿಯುವ ಹೊತ್ತಿಗೆ ಚೆಂಡು ಆಗಲೇ ಹೊರಟುಹೋಗಿರುತ್ತದೆ. ಹಾಗಾಗಿ ಇಡೀ ಕ್ಯೂ ಎಷ್ಟು ತೂಗುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಮೂತಿಯ ಆ ಕೆಲವು ಅಂಗುಲ ಎಷ್ಟು ತೂಗುತ್ತದೆ ಎಂಬುದೇ ಎಲ್ಲ. ಅದು ಭಾರವಾದಷ್ಟೂ ಚೆಂಡು ಹೆಚ್ಚು ಜಾರುತ್ತದೆ.

1994ರಲ್ಲಿ ಅಮೆರಿಕದ ಪ್ರಿಡೇಟರ್ ಕಂಪನಿ 314 ಎಂಬ ಶಾಫ್ಟನ್ನು ತಂದದ್ದು ಈ ಲೆಕ್ಕದ ಮೇಲೆಯೇ. ಮರವನ್ನು ಹೋಳು ಮಾಡಿ ಮತ್ತೆ ಅಂಟಿಸಿದರು, ಮೂತಿಯನ್ನು ಒಳಗಿಂದ ಟೊಳ್ಳು ಮಾಡಿದರು, ಮೇಲೆ ಹಗುರವಾದ ಫೆರುಲ್ ಇಟ್ಟರು. ಆಮೇಲೆ ಬಂದ ಲೋ ಡಿಫ್ಲೆಕ್ಷನ್ ಶಾಫ್ಟುಗಳೂ ಒಂದಲ್ಲ ಒಂದು ಬಗೆಯಲ್ಲಿ ಅದೇ ದಾರಿ ಹಿಡಿದವು. ನನ್ನದೂ ಅಂಥದೇ ಶಾಫ್ಟು. ಅವರು ಪಾಡುಪಟ್ಟು ಕಳೆದ ಗ್ರಾಮುಗಳನ್ನೆಲ್ಲ ತಾವು ಒಂದೇ ಕೂರಿಕೆಯಲ್ಲಿ ಮರಳಿ ತುಂಬಿಕೊಟ್ಟಿದ್ದೀರಿ. ಕೊಳಲಿನ ತೂತುಗಳಿಗೆ ಗಾರೆ ಮೆತ್ತಿ, ಈಗ ಭದ್ರವಾಯಿತು ನೋಡಿ ಎಂದ ಹಾಗಾಯಿತು.

ಫೋನಿನಲ್ಲಿ ತಾವು ಇನ್ನೂ ಉದಾರಿಗಳಾಗಿದ್ದಿರಿ: "ಸ್ನೂಕರ್ ಕ್ಯೂಗೆ ಹಿತ್ತಾಳೆ ಇರೋದಿಲ್ವಾ? ಬೇಕಿದ್ರೆ ಅದನ್ನೇ ಹಾಕ್ತೀನಿ." ಇರುತ್ತದೆ ಸ್ವಾಮಿ. ಆದರೆ ಸ್ನೂಕರ್ ಕ್ಯೂವಿನ ತುದಿ ಒಂಬತ್ತು ಹತ್ತು ಮಿಲಿಮೀಟರ್, ಅದರ ಹಿತ್ತಾಳೆಯೋ ತೆಳ್ಳನೆಯ ಗಿಡ್ಡ ಉಂಗುರ. ಪೂಲ್ ಶಾಫ್ಟಿನ ಮೂತಿ ಹನ್ನೆರಡು ಹದಿಮೂರು. ಹಿತ್ತಾಳೆ ನೀರಿಗಿಂತ ಎಂಟೂವರೆ ಪಟ್ಟು ಭಾರ; ಎಬಿಎಸ್ ಪ್ಲಾಸ್ಟಿಕ್ ನೀರಿಗಿಂತ ಕೂದಲೆಳೆಯಷ್ಟು ಹೆಚ್ಚು. ತಾವು ಆರಿಸಿದ ಬಟ್ಟೆಪದರದ ಫಿನಾಲಿಕ್ ಇವೆರಡರ ನಡುವಿನದು, ಎಬಿಎಸ್ಸಿಗೇ ಹತ್ತಿರ. ಉದ್ದವನ್ನೂ ದಪ್ಪವನ್ನೂ ಬೆಳೆಸಿ ತೂಕದ ಆ ಕೊರತೆ ನೀಗಿಸಿದ್ದೀರಿ.

ಕೈಚಳಕಕ್ಕೆ ಮಾತ್ರ ಶರಣು, ಇದು ವ್ಯಂಗ್ಯವಲ್ಲ. ಮರದ ಭುಜಕ್ಕೂ ಫೆರುಲಿಗೂ ನಡುವೆ ಉಗುರು ಸಿಗುವಷ್ಟೂ ಸಂದಿಲ್ಲ, ಎಲ್ಲೂ ಅಂಟಿನ ಗೆರೆ ಕಾಣುವುದಿಲ್ಲ. ಹೊಸ ಫೆರುಲನ್ನು ಮರದ ಮಟ್ಟಕ್ಕೆ ಇಳಿಸುವಾಗ ಮರವನ್ನೂ ಒಂದಿಷ್ಟು ಕೆರೆದಿದ್ದೀರಿ. ಇಡೀ ಕೆಲಸದಲ್ಲಿ ಮೂತಿಯ ತೂಕ ಇಳಿದದ್ದು ಅಲ್ಲೊಂದೇ ಕಡೆ, ಅದಕ್ಕೂ ಋಣಿ.

ಈಗ ಮಗ್ಗುಲಿಗೆ ಹೊಡೆದರೆ ಬಿಳಿ ಚೆಂಡು ಎಷ್ಟು ದೂರ ಸರಿಯುತ್ತದೆಂದರೆ, ಎದುರಾಳಿಗಳೇ ಪಾಪ ಅಂದುಕೊಳ್ಳುತ್ತಿದ್ದಾರೆ.

ಶಾಫ್ಟನ್ನು ಮತ್ತೆ ಕಳಿಸುತ್ತಿದ್ದೇನೆ. ಟಿಪ್ ತೆಗೆಯಿರಿ. ತಮ್ಮ ಫೆರುಲನ್ನು ಹಿಡಿದು ತಿರುಚಬೇಡಿ, ಕಾಯಿಸಿ ಕೀಳಲೂ ಬೇಡಿ. ಫೆರುಲಿನೊಳಗೆ ಕೂರುವ ಮರದ ಸಣ್ಣ ತುದಿ, ಅಂದರೆ ಟೆನನ್, ಮುರಿದರೆ ಟೊಳ್ಳು ಮೂತಿಗೆ ಗತಿಯಿಲ್ಲ. ಲೇತಿಗೆ ಹಾಕಿ ಪದರ ಪದರವಾಗಿ ಸವೆಸುತ್ತ ಬನ್ನಿ, ಮರ ಕಂಡೊಡನೆ ನಿಲ್ಲಿಸಿ. ಟೆನನ್ನಿನ ಅಳತೆಯನ್ನು ಕ್ಯಾಲಿಪರಿನಲ್ಲೇ ತೆಗೆದುಕೊಳ್ಳಿ. ಎಲ್ಲ ಶಾಫ್ಟೂ ಒಂದೇ ಎಂಬ ವಿಶ್ವಾಸ ಸ್ವಲ್ಪ ದಿನ ಪಕ್ಕಕ್ಕಿರಲಿ. ನನ್ನ ಶಾಫ್ಟಿನ ಮಾದರಿಗೇ ಹೊಂದುವ ತೆಳುಗೋಡೆಯ ಫೆರುಲನ್ನು ಸುತ್ತಿಗೆಯ ಸಹಾಯವಿಲ್ಲದೆ ಜಾರಿಸಿ ಎಪಾಕ್ಸಿಯಲ್ಲಿ ಕೂರಿಸಿ, ಅಂಟು ಪೂರ್ತಿ ಆರಲಿ. ಮಟ್ಟ ಮಾಡುವ ಮುಂಚೆ ಮರಕ್ಕೆ ಟೇಪು ಸುತ್ತಿ.

ಆಗ ಅದು ಮತ್ತೆ ಎಂದಾದರೂ ಒಡೆಯಬಹುದಾದ ಫೆರುಲ್ ಆಗುತ್ತದೆ. ಒಡೆದರೆ ತಮ್ಮಲ್ಲಿಗೇ ತರುತ್ತೇನೆ. ಮಾಲು ಹಗುರವಾಯಿತೆಂದು ಕೂಲಿಯಲ್ಲಿ ಏನೂ ಕಡಿತ ಮಾಡಬೇಡಿ.

ಇತಿ,
ತಮ್ಮ ಗಿರಾಕಿ