ಎಸ್, ಯು, ಬಿ, ಆರ್

ಕಳೆದ ಆಟಿಯ ಒಂದು ಮಧ್ಯಾಹ್ನ ಮಳೆಗೆ ಸಿಕ್ಕಿ ಕಡಬದ ಜೆರಾಕ್ಸ್ ಅಂಗಡಿಯೊಂದರಲ್ಲಿ ನಿಂತಿದ್ದೆ. ನನ್ನೆದುರಿಗಿದ್ದ ಹಿರಿಯರಿಗೆ ಮೊಬೈಲಿನಲ್ಲಿದ್ದ ಆಧಾರ್ ಪಿಡಿಎಫ್ ಪ್ರಿಂಟ್ ಆಗಬೇಕಿತ್ತು. ಅಂಗಡಿಯ ಹುಡುಗ ಮಳೆಯ ಸದ್ದಿಗಿಂತ ಒಂದು ಸ್ವರ ಮೇಲೆ ಕೂಗಿದ: "ಪಾಸ್‌ವರ್ಡ್ ಕೇಳ್ತಾ ಉಂಟು ಮಾರಾಯ್ರೇ, ಹುಟ್ಟಿದ ಇಸವಿ ಎಷ್ಟು?"

"ಐವತ್ತೈದು! ಅದು ಮಾಸ್ಟ್ರು ಬರೆದದ್ದು. ಸರಿಯಾದ್ದು ಐವತ್ಮೂರು!"

ಸಾಲಿನಲ್ಲಿದ್ದ ಇಬ್ಬರು ಅವರ ತಮ್ಮನ ವಯಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕತೊಡಗಿದರು. ಕೊನೆಗೆ ಮಾಸ್ಟ್ರ ಇಸವಿಗೇ ಬಾಗಿಲು ತೆರೆಯಿತು.

ಇ-ಆಧಾರಿನ ಸೂತ್ರ ಎಲ್ಲರಿಗೂ ಗೊತ್ತಿರುವುದೇ. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಅದರ ಬೆನ್ನಿಗೆ ಹುಟ್ಟಿದ ಇಸವಿ. ದೆಹಲಿಯಲ್ಲಿ ಇದು ಗುಟ್ಟಾಗಿರಬಹುದು, ನಮ್ಮಲ್ಲಿ ಅಲ್ಲ. ಕುಕ್ಕೆ ಸುಬ್ರಹ್ಮಣ್ಯ ಮೊದಲು ಸುಳ್ಯ ತಾಲೂಕಿನಲ್ಲಿತ್ತು, ಈಗ ಕಡಬದ್ದು. ತಾಲೂಕು ಯಾವುದಾದರೇನು, ದೇವರ ಹೆಸರು ಪುತ್ತೂರಿನವರೆಗೂ ಮನೆಗೊಂದರಂತೆ ಹಂಚಿಹೋಗಿದೆ. ಸುಬ್ರಹ್ಮಣ್ಯ, ಸುಬ್ರಾಯ, ಸುಬ್ರಮಣಿ, ಎಲ್ಲರೂ ಎಸ್, ಯು, ಬಿ, ಆರ್. ಸುಬ್ಬಣ್ಣನೊಬ್ಬ ಮಾತ್ರ ನಾಲ್ಕನೆಯ ಅಕ್ಷರದಲ್ಲಿ ತಪ್ಪಿಸಿಕೊಳ್ಳುತ್ತಾನೆ. ಹುಟ್ಟಿದ ದಿನಾಂಕವನ್ನೇ ಪಾಸ್‌ವರ್ಡ್ ಮಾಡುವ ಕ್ರಮವೂ ಉಂಟು. ಆದರೆ ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ, ಜೂನ್ 1ಕ್ಕೆ, ಹುಟ್ಟಿದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ!

ನಾನು ನಗಲಿಲ್ಲ. ಚೀಲದೊಳಗಿನ ಲ್ಯಾಪ್‌ಟಾಪಿನಲ್ಲಿ ಅದೇ ಪಾಪದ ಕೆಲಸ ಅರ್ಧವಾಗಿತ್ತು. ಅಡಿಕೆ ತೋಟದ ನಡುವೆ ಕೂತು ಸಾಫ್ಟ್‌ವೇರ್ ಬರೆಯುವವ ನಾನು. ಒಂದು ಸೊಸೈಟಿಯವರು ಸದಸ್ಯರ ಖಾತೆಯ ವಿವರ ಪಿಡಿಎಫ್ ಆಗಿ ಹೊರಬರುವಾಗ ಅದಕ್ಕೊಂದು ಪಾಸ್‌ವರ್ಡ್ ಇರಲಿ ಎಂದಿದ್ದರು. ಬರೆಯಲಿಕ್ಕೆ ನಾಲ್ಕು ಸಾಲು, ಅಷ್ಟೆ. ಬೀಗವನ್ನು ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿದ್ದಾರೆ, 256 ಬಿಟ್‌ನ ಎಇಎಸ್. ಅದನ್ನು ಒಡೆದವರಿಲ್ಲ. ಆದರೆ ಸೊಸೈಟಿಯವರು ಹೇಳಿದ ಕೀಲಿಕೈ ಅದೇ ನಾಲ್ಕಕ್ಷರ, ನಾಲ್ಕಂಕಿ.

ಹೆಸರೇ ಗೊತ್ತಿಲ್ಲದ ಕಳ್ಳನಿಗೂ ನಾಲ್ಕಕ್ಷರದ ಸಾಧ್ಯತೆ ಇರುವುದು 4,56,976. ನೂರು ವರ್ಷದಿಂದ ಗುಣಿಸಿದರೆ ನಾಲ್ಕೂವರೆ ಕೋಟಿ ಚಿಲ್ಲರೆ. ನಮಗೆ ಅದು ದೊಡ್ಡ ಸಂಖ್ಯೆ, ಕಂಪ್ಯೂಟರಿಗೆ ಅಲ್ಲ. ಹೆಸರು ಗೊತ್ತಿದ್ದವನಿಗಾದರೆ ಬರೀ ನೂರು. ಪಕ್ಕದ ಮನೆಯವರಿಗೆ ಒಂದೇ, ಷಷ್ಟ್ಯಬ್ದಿಯ ಊಟ ಉಂಡು ಬಂದಿರುತ್ತಾರಲ್ಲ.

ಪಿಡಿಎಫ್‌ನಲ್ಲಿ ಇನ್ನೊಂದು ಜಾತಿಯ ಪಾಸ್‌ವರ್ಡೂ ಉಂಟು, ಯಜಮಾನನದ್ದು. ಕಡತ ಎಲ್ಲರಿಗೂ ತೆರೆಯುತ್ತದೆ, ಪ್ರಿಂಟ್ ತೆಗೆಯಬೇಡಿ, ನಕಲು ಮಾಡಬೇಡಿ ಎಂಬ ಕಟ್ಟಪ್ಪಣೆ ಮಾತ್ರ ಒಳಗಿರುತ್ತದೆ. ಪಾಲಿಸುವುದು ಬಿಡುವುದು ತೆರೆಯುವ ತಂತ್ರಾಂಶದ ಮರ್ಯಾದೆಗೆ ಸೇರಿದ್ದು. ನಮ್ಮ ತೋಟದ ತಡಮೆಯ ಹಾಗೆ. ದನ ನಿಲ್ಲುತ್ತದೆ, ಮನುಷ್ಯ ಪಂಚೆ ಎತ್ತಿಕಟ್ಟಿ ದಾಟುತ್ತಾನೆ.

ಗುಟ್ಟು ಎಂದರೆ ಅಜ್ಜನದು. ಸುಬ್ರಹ್ಮಣ್ಯದ ಹತ್ತಿರ ಕುಲ್ಕುಂದದ ದನಗಳ ಜಾತ್ರೆಗೆ ಹೋಗಿ ಎತ್ತು ತರುತ್ತಿದ್ದರು. ಬೈರಾಸಿನಡಿ ಎರಡು ಕೈ, ಬೆರಳು ಹಿಡಿದರೆ ಕ್ರಯ. ಸುತ್ತ ನೂರು ಜನ ನಿಂತರೂ ಎಷ್ಟಕ್ಕೆ ಕುದುರಿತೆಂದು ಕೊಟ್ಟವನಿಗೆ ಮತ್ತು ಕೊಂಡವನಿಗೆ ಮಾತ್ರ ಗೊತ್ತು. ಎತ್ತು ಎಲ್ಲರ ಕಣ್ಣೆದುರು, ಕ್ರಯ ಬೇರೆ ದಾರಿಯಲ್ಲಿ. ನಮ್ಮ ಕಸುಬಿನಲ್ಲೂ ಕಡತ ಹೋದ ದಾರಿಯಲ್ಲಿ ಪಾಸ್‌ವರ್ಡ್ ಕಳಿಸಬಾರದೆಂದು ಹೇಳುತ್ತಾರೆ. ನಮಗೆ ಬರುವ ಮಿಂಚಂಚೆಯಲ್ಲೋ, ಮೇಲೆ ಬೀಗ ಹಾಕಿದ ಕಡತ, ಕೆಳಗೆ ಅದನ್ನು ತೆರೆಯುವ ಕ್ರಮ, ಉದಾಹರಣೆ ಸಹಿತ. ಬಾಗಿಲಿಗೆ ಬೀಗ ಜಡಿದು, "ಕೀಲಿಕೈ ಹೂಕುಂಡದಡಿ ಉಂಟು" ಎಂದು ಬಾಗಿಲ ಮೇಲೇ ಬರೆದ ಹಾಗೆ.

ಇದನ್ನೆಲ್ಲ ಸೊಸೈಟಿಯಲ್ಲಿ ಒಂದು ಗಂಟೆ ವಾದಿಸಿದೆ. ಬೈರಾಸಿನ ಕತೆಗೆ ಅಧ್ಯಕ್ಷರು ಕರಗಿದರು. ಇನ್ನು ಸದಸ್ಯರೇ ತಮಗೆ ಬೇಕಾದ ಪಾಸ್‌ವರ್ಡ್ ಇಟ್ಟುಕೊಳ್ಳುವುದು, ಕನಿಷ್ಠ ಹನ್ನೆರಡು ಅಕ್ಷರ ಎಂದಾಯಿತು. ನನಗೆ ಗೆದ್ದ ಖುಷಿ. ಮರೆತರೆ ಆ ಕಡತವನ್ನು ನಾನೂ ತೆರೆಯಲಾರೆ, ದೇವರೂ ತೆರೆಯಲಾರ ಎಂದು, ಅಲ್ಲಿಯ ಸದಸ್ಯರೇ ಆದ ನನ್ನ ಸೋದರಮಾವನಿಗೆ ಎರಡೆರಡು ಸಲ ಹೇಳಿಬಂದೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಚಾವಡಿಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಹನ್ನೆರಡು ಅಕ್ಷರವನ್ನೂ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದಾರೆ. ಮೊದಲ ನಾಲ್ಕು ಎಸ್, ಯು, ಬಿ, ಆರ್.